ಬುಕಿಂಗ್ ಪುಸ್ತಕ ಯಾರ ಮನೆಯಲ್ಲಿರಬೇಕು?

ಪ್ರಶ್ನೆ: ನಮ್ಮದು ಯಾಣದ ಸಮೀಪದ ಹಳ್ಳಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಈಗ ಊರಿನಿಂದಲೇ ಮಾಡುತ್ತಿದ್ದೇನೆ. ಮನೆಯ ಹೋಂಸ್ಟೇಯನ್ನು ಅಣ್ಣ, ಅತ್ತಿಗೆ ನಡೆಸುತ್ತಾರೆ. ಸುತ್ತಮುತ್ತಲಿನ ನೆಂಟರ ಹೋಂಸ್ಟೇಗಳು, ಜೀಪಿನವರು, ವಿಭೂತಿ ಜಲಪಾತಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಹುಡುಗರು, ಎಲ್ಲರಿಗೂ ಸೇರಿ ಒಂದು ಬುಕಿಂಗ್ ಆ್ಯಪ್ ಮಾಡಿಕೊಡು ಎಂದು ಗಂಟು ಬಿದ್ದಿದ್ದಾರೆ. ದೊಡ್ಡ ಬುಕಿಂಗ್ ಕಂಪನಿಗಳಿಗೆ ಕಮಿಷನ್ ಕೊಟ್ಟು ಅವರಿಗೆ ಸಾಕಾಗಿದೆ. ನನ್ನ ಯೋಜನೆ ಹೀಗಿದೆ: ನಕ್ಷೆಗೆ ಗೂಗಲ್ ಮ್ಯಾಪ್ಸ್, ಡೇಟಾಬೇಸ್‌ಗೆ ಫೈರ್‌ಬೇಸ್, ಸಂದೇಶಕ್ಕೆ ವಾಟ್ಸ್‌ಆ್ಯಪ್, ಮುಂಗಡ ಹಣಕ್ಕೆ ಪೇಮೆಂಟ್ ಗೇಟ್‌ವೇ, ಲಾಗಿನ್‌ಗೆ ಒಟಿಪಿ. ಅಣ್ಣ ಒಪ್ಪುತ್ತಿಲ್ಲ. “ನಾಳೆ ಅವರು ಬಾಗಿಲು ಹಾಕಿಕೊಂಡರೆ ನಮ್ಮ ಗತಿ ಏನು? ಎಲ್ಲವೂ ನಮ್ಮದೇ ಇರಲಿ” ಎನ್ನುತ್ತಾನೆ. ಸಹೋದ್ಯೋಗಿಯೊಬ್ಬರು “ಇರುವುದನ್ನೆಲ್ಲ ಜೋಡಿಸು, ಒಂದು ತಿಂಗಳಲ್ಲಿ ಮುಗಿಸು” ಎನ್ನುತ್ತಾರೆ. ಯಾರ ಮಾತು ಕೇಳಲಿ? ಸಾಲು ರಜೆಯಲ್ಲಿ ಏನಾದರೂ ಎಡವಟ್ಟಾದರೆ ನೆಂಟರ ಮುಂದೆ ತಲೆ ಎತ್ತುವುದು ಹೇಗೆಂದು ನಿದ್ದೆ ಬರುತ್ತಿಲ್ಲ.
— ಹೆಸರು ಬೇಡ, ಕುಮಟಾ ತಾಲೂಕು

ಉತ್ತರ: ತಂಗಿ, ಅಣ್ಣನ ಮಾತನ್ನು ಸಾಫ್ಟ್‌ವೇರ್ ಗೊತ್ತಿಲ್ಲದವರ ಮಾತೆಂದು ತಳ್ಳಿಹಾಕಬೇಡಿ. ಅವರ ಭಯಕ್ಕೆ ಆಧಾರವಿದೆ. ನಿಮ್ಮಂಥ ಸಣ್ಣ ವ್ಯಾಪಾರದವರಿಗೇ ಆದದ್ದನ್ನು ಮೊದಲು ಹೇಳುತ್ತೇನೆ. ಅಂಗಡಿ, ಲಾಡ್ಜು, ಹೋಂಸ್ಟೇಯವರು ಫೋನಿನಲ್ಲೇ ನಾಲ್ಕು ಫೋಟೊ ಹಾಕಿ ಮಾಡಿಕೊಳ್ಳಬಹುದಾದ ಉಚಿತ ವೆಬ್‌ಸೈಟನ್ನು ಗೂಗಲ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ನಿಲ್ಲಿಸಿತು. ಹಳೆಯ ವಿಳಾಸ ಒತ್ತಿದವರನ್ನು ಜೂನ್ 10ರವರೆಗೆ ಆ ವ್ಯಾಪಾರದ ಗೂಗಲ್ ಪುಟಕ್ಕೆ ದಾಟಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಆ ವಿಳಾಸ ಬರೆಸಿದ್ದವರ ಪಾಲಿಗೆ ಅದು ಬರಿಯ ಅಕ್ಷರವಾಗಿ ಉಳಿಯಿತು.

ಬಾಗಿಲು ಹಾಕಿಕೊಳ್ಳದೆ ಬೆಲೆ ಏರಿಸುವುದೂ ಉಂಟು. 2018ರ ಜುಲೈವರೆಗೆ ಗೂಗಲ್ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ತೋರಿಸುವವರಿಗೆ ದಿನಕ್ಕೆ 25,000 ಬಾರಿಯವರೆಗೆ ಉಚಿತವಿತ್ತು. ಆ ತಿಂಗಳಿಂದ ಕ್ರೆಡಿಟ್ ಕಾರ್ಡ್ ಕೊಟ್ಟು ಖಾತೆ ತೆರೆಯಬೇಕಾಯಿತು. ಉಚಿತವಾಗಿ ಉಳಿದದ್ದು ತಿಂಗಳಿಗೆ 200 ಡಾಲರ್ ಮೌಲ್ಯದಷ್ಟು, ಅಂದರೆ ಸುಮಾರು 28,000 ಬಾರಿ. ದಿನದ ಲೆಕ್ಕ ತಿಂಗಳ ಲೆಕ್ಕವಾಯಿತು. 2025ರ ಮಾರ್ಚ್‌ನಲ್ಲಿ ಆ 200 ಡಾಲರಿನ ಪದ್ಧತಿಯೂ ಹೋಗಿ ಬೇರೆ ಲೆಕ್ಕ ಬಂತು. ಇದನ್ನು ಮೋಸ ಎನ್ನಲಾರೆ. ಅವರ ಸರಕು, ಅವರ ದರ. ಆದರೆ ಉಚಿತವನ್ನು ನಂಬಿ ನೆಂಟರಿಗೆ “ಖರ್ಚೇ ಇಲ್ಲ” ಎಂದು ನೀವು ಹೇಳಿದ್ದರೆ ಆ ಮಾತಿಗೆ ನೀವೇ ಉತ್ತರ ಕೊಡಬೇಕು.

ಹಣ ಕೊಟ್ಟವರಿಗೂ ಪೂರ್ತಿ ಭದ್ರತೆ ಇಲ್ಲ. ಗುಜರಾತಿನಲ್ಲಿ ತೈಲ ಶುದ್ಧೀಕರಣಾಗಾರ ಇರುವ ನಯಾರಾ ಎನರ್ಜಿ ಕಂಪನಿ ಪರವಾನಗಿಗೆ ಹಣ ಕಟ್ಟಿದ ಗ್ರಾಹಕ. ಯುರೋಪಿನ ನಿರ್ಬಂಧಗಳ ಬೆನ್ನಲ್ಲೇ 2025ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಅದರ ಇಮೇಲ್ ಮೊದಲಾದ ಸೇವೆಗಳನ್ನು ತಡೆಹಿಡಿಯಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ದೊಡ್ಡ ಕಂಪನಿಗೆ ವಕೀಲರಿದ್ದರು. ನಿಮ್ಮ ಹೋಂಸ್ಟೇಗೆ ಯಾರಿದ್ದಾರೆ?

ಹಾಗಾದರೆ ಹೊರದೇಶದವರನ್ನು ಬಿಟ್ಟು ನಮ್ಮವರನ್ನೇ ನಂಬೋಣ ಎನ್ನುತ್ತೀರೇನೊ. ನಮ್ಮವರೆಂಬುದು ಬಾಳಿಕೆಗೆ ಖಾತ್ರಿಯಲ್ಲ. 2020ರಲ್ಲಿ ಬೆಂಗಳೂರಿನಲ್ಲಿ, ಮೊದಲು ಕನ್ನಡದಲ್ಲೇ ಆರಂಭವಾದ ‘ಕೂ’ ಎಂಬ ಸಾಮಾಜಿಕ ಜಾಲತಾಣ ನಮಗೆಲ್ಲ ಹೆಮ್ಮೆಯಾಗಿತ್ತು. 2024ರ ಜುಲೈಯಲ್ಲಿ ಅದು ಮುಚ್ಚಿತು. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ಆ್ಯಪ್ ನಡೆಸಲು ಬೇಕಾದ ತಂತ್ರಜ್ಞಾನ ಸೇವೆಗಳ ಖರ್ಚು ಬಹಳ ಎಂದು ಸ್ಥಾಪಕರೇ ಬರೆದರು. ಬೆನ್ನಿಗೆ ಬಂಡವಾಳ ಹಾಕಿದವರಿದ್ದೂ ಅವರಿಗೆ ಹಾಗಾಯಿತು.

ಇಷ್ಟಾದ ಮೇಲೂ ಅಣ್ಣ ಹೇಳುವ ಮದ್ದನ್ನು ನಾನು ಒಪ್ಪುವುದಿಲ್ಲ. “ಎಲ್ಲವೂ ನಮ್ಮದೇ ಇರಲಿ” ಎಂದರೆ ನಿಜದಲ್ಲಿ ಎಲ್ಲವೂ ನಿಮ್ಮೊಬ್ಬರ ಮೇಲಿರಲಿ ಎಂದರ್ಥ. ಸರ್ವರ್ ಮನೆಯಲ್ಲಿಟ್ಟರೆ, ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದಾಗ ಎದ್ದು ನೋಡುವವರು ನೀವು. ಸಿಡಿಲು ಬಡಿದು ಪೆಟ್ಟಿಗೆ ಸುಟ್ಟರೆ ಕುಮಟೆಗೋ ಶಿರಸಿಗೋ ಓಡುವವರು ನೀವು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಕೋಡಿನ ಕಂತೆಯಲ್ಲಿ ಬಿರುಕು ಕಂಡಾಗ ಜಗತ್ತಿನ ಎಂಜಿನಿಯರುಗಳೆಲ್ಲ ಹಗಲಿರುಳು ತೇಪೆ ಹಾಕಿದ್ದು ನಿಮಗೆ ನೆನಪಿರಬೇಕು. ಅಂಥ ರಾತ್ರಿ ಕಂಪನಿಯ ಕೆಲಸವನ್ನೂ ಮಾಡಿ, ಮನೆಯ ಸರ್ವರನ್ನೂ ಕಾಯಬೇಕು. ನಿಮಗೆ ಜ್ವರ ಬರಬಹುದು. ಮದುವೆ, ಬಾಣಂತನ, ಬೇರೆ ಊರಿನ ಕೆಲಸ ಏನೂ ಬರಬಹುದು. ಆಗ ನೀವು ಬರೆದ ಹತ್ತಾರು ಸಾವಿರ ಸಾಲಿನ ಕೋಡನ್ನು ಓದಬಲ್ಲವರು ನಿಮ್ಮ ಸೀಮೆಯಲ್ಲಿ ಯಾರಿದ್ದಾರೆ? ಗೂಗಲ್ ಬಾಗಿಲು ಹಾಕುವುದಕ್ಕಿಂತ ನೀವು ಬಿಡುವಿಲ್ಲದವರಾಗುವುದೇ ಹೆಚ್ಚು ಸಂಭವ. ಪತ್ರದಲ್ಲಿ ನೀವು ಬರೆದ ನಿದ್ದೆಗೇಡಿಗೆ ನನ್ನ ಮಟ್ಟಿಗೆ ಕಾರಣ ಇದೇ. ಭಾರ ಹೊರುವ ಮೊದಲೇ ಹೆಗಲು ನೋಯುತ್ತಿದೆ.

ಸಹೋದ್ಯೋಗಿಯ ಮಾತಿನಲ್ಲೂ ಅರ್ಧ ಸರಿ. ಒಂದು ತಿಂಗಳಲ್ಲಿ ಆಗುವ ಕೆಲಸವನ್ನು ಒಂದು ವರ್ಷಕ್ಕೆ ಎಳೆಯಬಾರದು. ಆದರೆ ಅವರು ಲೆಕ್ಕ ಹಾಕಿದ್ದು ಕಟ್ಟುವ ತಿಂಗಳನ್ನು ಮಾತ್ರ. ಮೂರನೆಯ ವರ್ಷದಲ್ಲಿ ದರ ಬದಲಾದಾಗ, ನಿಯಮ ಬದಲಾದಾಗ ಅತ್ತಿಗೆ ಫೋನ್ ಮಾಡುವುದು ನಿಮಗೆ, ಅವರಿಗಲ್ಲ.

ನಿಮ್ಮ ಸೀಮೆಯ ಅಡಿಕೆ ತೋಟವನ್ನೇ ನೋಡಿ. ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು, ಅಡಿಕೆಯ ಕೊನೆ (ಗೊನೆ) ಇಳಿಸಲು ಮರ ಹತ್ತುವ ಕೊನೆಗೌಡ ಬೇಕೇ ಬೇಕು. ಅವನು ಬೇಡವೆಂದು ಮನೆಯವರೇ ಮರ ಹತ್ತುವುದಿಲ್ಲ. ಅವನಿಗೆ ದರ ಇದೆ, ಅವನ ದಾರಿ ಕಾಯುವುದೂ ಇದೆ, ಈ ವರ್ಷ ಬಂದವನು ಮುಂದಿನ ವರ್ಷ ಬಾರದೆಯೂ ಹೋಗಬಹುದು. ಆದರೂ ತೋಟದ ಪಹಣಿ ಮನೆಯವರ ಹೆಸರಿನಲ್ಲಿದೆ, ಎಷ್ಟು ಕೊನೆ ಇಳಿಯಿತೆಂಬ ಲೆಕ್ಕ ಮನೆಯವರ ಪುಸ್ತಕದಲ್ಲಿದೆ. ಕೊನೆಗೌಡನನ್ನು ಕರೆಯುವುದು ಬೇರೆ, ತೋಟವನ್ನೇ ಬರೆದುಕೊಡುವುದು ಬೇರೆ. ಯೋಜನೆಯ ಒಂದೊಂದು ಸೇವೆಯನ್ನೂ ಎದುರಿಗಿಟ್ಟುಕೊಂಡು ಇದನ್ನೇ ಕೇಳಿಕೊಳ್ಳಿ: ಇವರು ನಾಳೆ ಬೆಳಿಗ್ಗೆ ಬಾರದೇ ಹೋದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಉಳಿಯಲೇಬೇಕಾದದ್ದು ಬುಕಿಂಗ್ ಪುಸ್ತಕ. ಯಾರು, ಯಾವ ದಿನ, ಯಾವ ಮನೆಗೆ, ಎಷ್ಟು ಜನ, ಎಷ್ಟು ಮುಂಗಡ. ಇದನ್ನು ಮಾತ್ರ ಯಾರ ಕೈಗೂ ಪೂರ್ತಿಯಾಗಿ ಕೊಡಬೇಡಿ. ಫೈರ್‌ಬೇಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಬ್ಬರೇ ಕುಳಿತು ಬೇಗ ಕಟ್ಟುವವರಿಗೆ ಅದರಷ್ಟು ಅನುಕೂಲದ್ದು ಕಡಿಮೆ. ಆದರೆ ಅದರ ಡೇಟಾಬೇಸಿಗೆ ಬರೆದ ಕೋಡು ಅದರ ರೀತಿಗೇ ಒಗ್ಗಿಬಿಡುತ್ತದೆ. ಬೇರೆಡೆಗೆ ಸಾಗಿಸುವ ದಿನ ಬಂದರೆ ಬಹುಪಾಲು ಮತ್ತೆ ಬರೆಯಬೇಕು. ಅದೇ ಫೈರ್‌ಬೇಸ್‌ನ ಡೈನಮಿಕ್ ಲಿಂಕ್ಸ್ ಎಂಬ ಸೇವೆ 2025ರ ಆಗಸ್ಟ್ 25ಕ್ಕೆ ನಿಂತದ್ದು ನಿಮಗೆ ಗೊತ್ತಿರಬಹುದು. ಅದರ ಬದಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸಿ. ಅದನ್ನು ಬಾಡಿಗೆಗೆ ಕೊಡುವವರು ಹಲವರಿದ್ದಾರೆ. ಒಬ್ಬರು ದರ ಏರಿಸಿದರೆ ಇಡೀ ಡೇಟಾಬೇಸನ್ನು ಒಂದು ಫೈಲಿಗೆ ಇಳಿಸಿಕೊಂಡು ಇನ್ನೊಬ್ಬರ ಬಳಿ ಏರಿಸಬಹುದು. ನಡೆಸುವ ತಲೆನೋವು ಅವರದ್ದು, ಬಿಟ್ಟು ಹೋಗುವ ದಾರಿ ನಿಮ್ಮದು.

ಆ ದಾರಿ ಎಷ್ಟು ಮುಖ್ಯವೆಂಬುದಕ್ಕೆ ಪಾರ್ಸ್ ಸಾಕ್ಷಿ. ಮೊಬೈಲ್ ಆ್ಯಪ್ ಮಾಡುವವರು ಮೆಚ್ಚಿ ಬಳಸುತ್ತಿದ್ದ ಈ ಸೇವೆಯನ್ನು 2013ರಲ್ಲಿ ಫೇಸ್‌ಬುಕ್ ಕೊಂಡಿತು. 2016ರ ಜನವರಿಯಲ್ಲಿ, ಒಂದು ವರ್ಷದ ಗಡುವು ಕೊಟ್ಟು, ಮುಚ್ಚುವುದಾಗಿ ಹೇಳಿತು. ಹೋಗುವಾಗ ಸರ್ವರಿನ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಡೇಟಾ ಸಾಗಿಸುವ ಸಾಧನವನ್ನೂ ಕೊಟ್ಟಿತು. ಹಾಗಾಗಿ ಎಷ್ಟೋ ಆ್ಯಪ್‌ಗಳು ಬದುಕಿದವು. ಎಲ್ಲರೂ ಇಷ್ಟು ಮರ್ಯಾದೆಯಿಂದ ಹೊರಡುವುದಿಲ್ಲ. ಆದ್ದರಿಂದ ಯಾವ ಸೇವೆಗೆ ಸೇರುವಾಗಲೂ ಸೇರುವ ಪುಟಕ್ಕಿಂತ ಮೊದಲು, ಡೇಟಾ ಹೊರತೆಗೆಯುವುದು ಹೇಗೆಂಬ ಪುಟವನ್ನು ಓದಿ. ಓದಿದ್ದನ್ನು ಒಮ್ಮೆ ಮಾಡಿಯೂ ನೋಡಿ.

ಎರಡನೆಯದು ಹೆಸರು. ಡೊಮೈನ್ ನಿಮ್ಮದಾಗಿರಲಿ. ಅಣ್ಣನ ಹೆಸರಿನಲ್ಲಿ ನೋಂದಾಯಿಸಿ, ನಿಮ್ಮ ಇಮೇಲನ್ನೂ ಸೇರಿಸಿ, ಒಮ್ಮೆಗೇ ಕೆಲವು ವರ್ಷಗಳಿಗೆ ಹಣ ಕಟ್ಟಿಬಿಡಿ. ಹತ್ತು ವರ್ಷದವರೆಗೂ ಕಟ್ಟಬಹುದು. ಇದಕ್ಕೂ ಕಾರಣವಿದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ, ಕಾರ್ಡಿನಿಂದ ತಿಂಗಳು ತಿಂಗಳು ತಾನೇ ಕಡಿತವಾಗುತ್ತಿದ್ದ ಎಷ್ಟೋ ವಿದೇಶಿ ಸೇವೆಗಳ ಪಾವತಿ ನಿಂತುಹೋಯಿತು. ಹಣ ಇತ್ತು, ಹೋಗುತ್ತಿರಲಿಲ್ಲ. ಹೆಸರನ್ನು ಅಂಥ ಅಪಾಯಕ್ಕೆ ಬಿಡಬಾರದು.

ಈ ಎರಡನ್ನು ಕೈಯಲ್ಲಿಟ್ಟುಕೊಂಡರೆ ಉಳಿದದ್ದನ್ನು ಧೈರ್ಯವಾಗಿ ಬಾಡಿಗೆಗೆ ತನ್ನಿ. ಪಾವತಿಯಲ್ಲಂತೂ ಅಣ್ಣನ ಮಾತಿಗೆ ಮಣಿಯಲೇಬೇಡಿ. ವ್ಯಾಪಾರಿಗಳು ಗ್ರಾಹಕರ ಕಾರ್ಡ್ ವಿವರ ಇಟ್ಟುಕೊಳ್ಳುವುದನ್ನೇ ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್‌ನಿಂದ ತಡೆದಿದೆ. ಕಾರ್ಡಿನಿಂದ ಹಣ ಪಡೆಯುವ ಕೆಲಸವನ್ನು ಗೇಟ್‌ವೇಯವರಿಗೇ ಬಿಡಿ. ಆದರೆ ಒಂದೇ ದಾರಿ ಬೇಡ. 2024ರ ಜನವರಿ 31ರ ರಿಸರ್ವ್ ಬ್ಯಾಂಕಿನ ಆದೇಶದಿಂದ, ಮಾರ್ಚ್ 15ರ ನಂತರ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಖಾತೆಗೆ ಹಣ ಬೀಳುವಂತಿರಲಿಲ್ಲ. ಆ ಖಾತೆಗೆ ಜೋಡಿಸಿದ್ದ ಕ್ಯೂಆರ್ ಕೋಡಿನವರು ಬೇರೆ ಬ್ಯಾಂಕ್ ಹುಡುಕಬೇಕಾಯಿತು. 2025ರ ಏಪ್ರಿಲ್ 12ರಂದು ದೇಶದುದ್ದಕ್ಕೂ ಯುಪಿಐ ಕೈಕೊಟ್ಟಿತು. ಗೇಟ್‌ವೇ ಇರಲಿ, ಪ್ರತಿ ಮನೆಯ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡೂ ಇರಲಿ, “ಬಂದ ಮೇಲೆ ನಗದು ಕೊಡಿ” ಎನ್ನುವ ಗುಂಡಿಯೂ ಇರಲಿ.

ನಕ್ಷೆಯ ವಿಷಯ ನಿಮ್ಮ ಊರಿನಲ್ಲಿ ಬೇರೆಯದೇ ಆಗಿದೆ. ಓಲಾ ಕಂಪನಿ 2024ರ ಜುಲೈಯಲ್ಲಿ ಗೂಗಲ್ ನಕ್ಷೆ ಬಿಟ್ಟು ತನ್ನದನ್ನೇ ಕಟ್ಟಿಕೊಂಡಿತು. ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚಾಗುತ್ತಿತ್ತು ಎಂದು ಅದರ ಮುಖ್ಯಸ್ಥ ಭವಿಷ್ ಅಗರ್‌ವಾಲ್ ಹೇಳಿದ್ದರು. ಅದೇ ತಿಂಗಳು ಗೂಗಲ್ ಭಾರತದ ದರಗಳನ್ನು ಶೇಕಡ 70ರವರೆಗೆ ಇಳಿಸುವುದಾಗಿ ಹೇಳಿ ಆಗಸ್ಟ್‌ನಿಂದ ಜಾರಿಗೆ ತಂದಿತು. ಬದಲಿ ಇದ್ದಲ್ಲಿ ದರ ಇಳಿಯುತ್ತದೆ ಎಂಬುದು ನಮಗೂ ಒಳ್ಳೆಯ ಸುದ್ದಿ. ಆದರೆ ಖರ್ಚು ಆ ಮಟ್ಟದ್ದಾದಾಗ ಮಾತ್ರ ಸ್ವಂತದ್ದು ಕಟ್ಟುವುದಕ್ಕೆ ಅರ್ಥವಿದೆ. ನಿಮ್ಮ ಬಳಕೆ ಉಚಿತ ಮಿತಿಯನ್ನೂ ಮುಟ್ಟುವುದು ಅನುಮಾನ. ನಿಮ್ಮ ನಿಜವಾದ ತೊಂದರೆ ದರದ್ದಲ್ಲ, ನೆಟ್‌ವರ್ಕಿನದು. ಭೈರವೇಶ್ವರ, ಮೋಹಿನಿ ಶಿಖರಗಳ ಬುಡದ ಕಾಡಿನಲ್ಲಿ ನಿಂತ ಪ್ರವಾಸಿಗನ ಫೋನಿನಲ್ಲಿ ಯಾರ ನಕ್ಷೆಯೂ ತೆರೆಯದಿದ್ದರೆ ಏನು ಫಲ? ಕುಮಟಾ–ಶಿರಸಿ ರಸ್ತೆಯಿಂದ ಬರುವವರಿಗೆ ಒಂದು, ಅಂಕೋಲೆಯ ಅಚವೆ ಕಡೆಯಿಂದ ಬರುವವರಿಗೆ ಒಂದು, ಹೀಗೆ ನೀವೇ ಬರೆದ ದಾರಿಯ ಚಿತ್ರವನ್ನು ಬುಕಿಂಗ್ ಖಚಿತವಾದ ಕ್ಷಣವೇ ಕಳಿಸಿ, ಊರು ಬಿಡುವ ಮೊದಲೇ ಅವರ ಫೋನಿನಲ್ಲಿ ಇಳಿದಿರಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಊರಿನ ಕಾಲುದಾರಿಗಳನ್ನು ನೀವೇ ಸೇರಿಸಿ. ಅದರ ಮಾಹಿತಿ ಎಲ್ಲರಿಗೂ ಮುಕ್ತ, ಆದರೆ ಮೂಲವನ್ನು ಹೆಸರಿಸಬೇಕು. ಮಾಹಿತಿ ಮುಕ್ತವೆಂದ ಮಾತ್ರಕ್ಕೆ ಅವರ ಸರ್ವರ್ ಮೇಲೆ ಎಷ್ಟು ಬೇಕಾದರೂ ಭಾರ ಹಾಕುವಂತಿಲ್ಲ ಎಂಬುದನ್ನೂ ಗಮನಿಸಿ.

ಒಟಿಪಿಯನ್ನು ಕೈಬಿಡಿ. 2021ರ ಮಾರ್ಚ್ 8ರಂದು ಎಸ್‌ಎಂಎಸ್‌ಗಳ ಹೊಸ ಪರಿಶೀಲನೆ ಜಾರಿಯಾದಾಗ ದೇಶದ ಎಷ್ಟೋ ಒಟಿಪಿಗಳು ತಲುಪದೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಆ ಪರಿಶೀಲನೆಯನ್ನು ಏಳು ದಿನ ತಡೆಹಿಡಿಯಬೇಕಾಯಿತು. ಈಗ ಆ ಪದ್ಧತಿ ಕುದುರಿದೆ, ಆದರೆ ಸಂದೇಶದ ಮಾದರಿಯನ್ನೆಲ್ಲ ಮೊದಲೇ ನೋಂದಾಯಿಸಬೇಕು. ಒಂದು ರಾತ್ರಿ ತಂಗಲು ಬರುವ ಸಂಸಾರಕ್ಕೆ ಲಾಗಿನ್ ಏತಕ್ಕೆ? ಅವರಿಗೆ ಒಂದು ಬುಕಿಂಗ್ ಸಂಖ್ಯೆ ಸಾಕು. ಹೊರಗಿನವರ ಮೇಲಿನ ಅವಲಂಬನೆ ತಗ್ಗಿಸುವ ಎಲ್ಲ ಉಪಾಯಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು: ಬೇಡದ ಕೆಲಸವನ್ನು ಮಾಡದೇ ಇರುವುದು.

ವಾಟ್ಸ್‌ಆ್ಯಪ್ ಬೇಕು, ಜನ ಅಲ್ಲೇ ಇದ್ದಾರೆ. ಅದರ ವ್ಯಾಪಾರ ಸೇವೆಯಲ್ಲಿ ಗ್ರಾಹಕರು ಬರೆದ 24 ತಾಸಿನೊಳಗೆ ನೀವು ಮುಕ್ತವಾಗಿ ಉತ್ತರಿಸಬಹುದು. ಆಮೇಲೆ ಅವರು ಒಪ್ಪಿದ ಮಾದರಿಯ ಸಂದೇಶ ಮಾತ್ರ. 2021ರ ಅಕ್ಟೋಬರ್ 4ರ ರಾತ್ರಿ ಅದು ಸುಮಾರು ಆರು ತಾಸು ಪೂರ್ತಿ ಸ್ತಬ್ಧವಾಗಿತ್ತು. ಸಂದೇಶ ಅದರಲ್ಲಿ ಹೋಗಲಿ, ಆದರೆ ಬುಕಿಂಗ್‌ನ ದಾಖಲೆ ಚಾಟ್‌ನಲ್ಲೇ ಉಳಿಯದಿರಲಿ. ಅತಿಥಿಗಳ ಆಧಾರ್ ಫೋಟೊಗಳ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿರಿ. 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯಿದೆಯ ಪ್ರಕಾರ, ಬೇರೆಯವರ ಸರ್ವರಿನಲ್ಲಿಟ್ಟರೂ ಹೊಣೆ ಸಂಗ್ರಹಿಸಿದವರದ್ದೇ. ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

2024ರ ಜುಲೈಯ ಒಂದು ವಾರ ನಿಮ್ಮ ಸೀಮೆಯವರು ಮರೆಯುವಂಥದ್ದಲ್ಲ. 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಮೂರೇ ದಿನಕ್ಕೆ, 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟು ಜನರನ್ನು ಹತ್ತಿಸಿದರು. ಒಂದರ ನೋವನ್ನು ಇನ್ನೊಂದಕ್ಕೆ ಸರಿತೂಗಿಸುವ ಮಾತಲ್ಲ ಇದು. ನಿಮ್ಮ ಆ್ಯಪ್ ಎರಡು ಬಗೆಯ ದಿನಕ್ಕೂ ಸಿದ್ಧವಿರಬೇಕು: ರಸ್ತೆಯೇ ಇಲ್ಲದ ದಿನ ಎಲ್ಲ ಅತಿಥಿಗಳಿಗೆ ಒಮ್ಮೆಗೇ “ಬರಬೇಡಿ, ಮುಂಗಡ ಮರಳಿಸುತ್ತೇವೆ” ಎಂದು ಹೇಳಲು ಅವರ ಫೋನ್ ನಂಬರು ಕೈಯಲ್ಲಿರಬೇಕು, ಸರ್ವರ್ ಇಲ್ಲದ ದಿನ ಇವತ್ತು ಯಾರು ಬರುವವರಿದ್ದಾರೆಂದು ಅತ್ತಿಗೆಗೆ ಗೊತ್ತಿರಬೇಕು. ಪ್ರತಿ ಸಂಜೆ ಮುಂದಿನ ಏಳು ದಿನಗಳ ಪಟ್ಟಿ, ನೆಟ್‌ವರ್ಕ್ ಇಲ್ಲದೆ ತೆರೆಯುವ ಸಾದಾ ಫೈಲಾಗಿ, ಪ್ರತಿ ಮನೆಯ ಫೋನಿಗೆ ತಾನೇ ಹೋಗಲಿ. ನೀವು ಬರೆಯುವ ಕೋಡಿನಲ್ಲಿ ಅತಿ ಬೆಲೆಯುಳ್ಳದ್ದು ಇದೇ ಆಗಬಹುದು.

ಕಮಿಷನ್ ತೆಗೆದುಕೊಳ್ಳುವ ದೊಡ್ಡ ಬುಕಿಂಗ್ ಕಂಪನಿಗಳನ್ನೂ ಒಮ್ಮೆಲೇ ಬಿಡಬೇಡಿ. ಯಾಣವನ್ನು ಹೆಸರಿನಿಂದ ಬಲ್ಲವರು ನಿಮ್ಮನ್ನು ಮೊದಲ ಸಲ ಹುಡುಕುವುದು ಅಲ್ಲೇ. ಎರಡನೆಯ ಸಲ ಬರುವವರು, ಅವರು ಕಳಿಸುವ ಗೆಳೆಯರು ನೇರ ನಿಮ್ಮಲ್ಲಿಗೆ ಬರುವಂತಾದರೆ ಅದೇ ದೊಡ್ಡ ಉಳಿತಾಯ.

ಇನ್ನು ನೆಂಟರ ಮಾತು. ಕೋಡು ಬರೆಯುವ ಮೊದಲು ಎಲ್ಲರನ್ನೂ ನಿಮ್ಮ ಅಂಗಳದಲ್ಲಿ ಕೂರಿಸಿ ವರ್ಷದ ಖರ್ಚು ಹೇಳಿ: ಡೊಮೈನ್, ಡೇಟಾಬೇಸ್ ಬಾಡಿಗೆ, ಸಂದೇಶದ ದರ, ಜೊತೆಗೆ ನಿಮ್ಮ ಶ್ರಮ. ಯಾವ ಸೇವೆ ಯಾರದ್ದು, ಅದು ನಿಂತರೆ ಏನು ಮಾಡುತ್ತೇವೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಮನೆಗೂ ಕೊಡಿ. ಪಾಸ್‌ವರ್ಡುಗಳು ನಿಮ್ಮ ಬಳಿ ಒಂದು, ಅಣ್ಣನ ಬಳಿ ಮುಚ್ಚಿದ ಲಕೋಟೆಯಲ್ಲಿ ಒಂದು ಪ್ರತಿ ಇರಲಿ. ವರ್ಷದ ಪಾಲು ಕೊಡಲು ಅವರು ಹಿಂದೇಟು ಹಾಕಿದರೆ ಆ್ಯಪ್ ಮಾಡಲೇಬೇಡಿ; ಎಲ್ಲರೂ ತುಂಬುವ ಒಂದು ಹಂಚಿಕೆಯ ಶೀಟ್ ಮಾಡಿಕೊಟ್ಟು ಸುಮ್ಮನಿರಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಪಾಲು ಕೊಡಲು ಒಪ್ಪಿದರೆ, ಶಿವರಾತ್ರಿ ಜಾತ್ರೆಯ ಗದ್ದಲಕ್ಕೆ ಮುಂಚೆ ಮುಗಿಸಬೇಕೆಂಬ ಹಟ ಬೇಡ. ಜಾತ್ರೆ ಕಳೆಯಲಿ. ಮೊದಲು ನಿಮ್ಮ ಮನೆಯ ಹೋಂಸ್ಟೇಗೆ ಮಾತ್ರ ಹಾಕಿ, ಒಂದು ಮಳೆಗಾಲ ಅದರೊಂದಿಗೆ ಕಳೆಯಿರಿ. ಜೀಪಿನವರನ್ನು, ವಿಭೂತಿಗೆ ಹೋಗುವ ಹುಡುಗರನ್ನು ಆಮೇಲೆ ಸೇರಿಸಿಕೊಳ್ಳಿ. ನೀವು ಊರಲ್ಲಿಲ್ಲದ ಒಂದು ದಿನ ಅತ್ತಿಗೆ ತಾವಾಗಿಯೇ ಒಂದು ಬುಕಿಂಗ್ ಹಾಕಿ, ಒಂದನ್ನು ರದ್ದು ಮಾಡಿ, ಮುಂಗಡ ಮರಳಿಸಿದ ಮೇಲೆ ಎರಡನೆಯ ಮನೆಗೆ ಹೋಗಿ.